ಒಂದೂಕಾಲು ಮೀಟರ್ ದೂರದ ಮುಖ

ಮ್ಯಾನೇಜರ್ ಸರ್ ಮೂರು ಕಾಂಟ್ಯಾಕ್ಟ್ ಶೀಟುಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಒಂದು ರೋಲಿನ ಮೂವತ್ತಾರೂ ಚಿತ್ರಗಳನ್ನು ಅಂಚೆಚೀಟಿಯ ಗಾತ್ರದಲ್ಲಿ ಒಂದೇ ಹಾಳೆಗೆ ಇಳಿಸಿದ್ದಕ್ಕೆ ಕಾಂಟ್ಯಾಕ್ಟ್ ಶೀಟ್ ಎನ್ನುತ್ತೇವೆ. ಮೂರು ಹಾಳೆಯಲ್ಲೂ ಅವರ ಹೆಂಡತಿಯೇ. ದೂರದಿಂದ ತೆಗೆದವು ಚೆನ್ನಾಗಿದ್ದವು. ಹತ್ತಿರದಿಂದ, ಮುಖವೊಂದನ್ನೇ ತೆಗೆದವು ಹೆಚ್ಚುಕಡಿಮೆ ಎಲ್ಲವೂ ಮಸುಕು. ಸರಿಯಾಗಿ ಬಂದಿದ್ದ ಎರಡು ಮೂರರಲ್ಲಿ ಅವರು ಕಣ್ಣು ಮುಚ್ಚಿದ್ದರು.

ಸರ್ ಕರಾವಳಿಯವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ, ಈಗ ಅಲಿಪುರದಲ್ಲಿ ಮಗಳ ಮನೆಯ ಕೆಳಗಿನ ಮಹಡಿಯಲ್ಲಿದ್ದಾರೆ. ನಾನು ದಕ್ಷಿಣೇಶ್ವರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡುವವಳು. ಪರಿಚಯವಾದದ್ದು ಕನ್ನಡದವರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ. ಧಾರವಾಡದ ಕಡೆಯ ನನ್ನ ಮಾತು ಕೇಳಿ ಅವರ ಹೆಂಡತಿ ನಕ್ಕಿದ್ದರು, ಅವರ ‘ಮಾರಾಯ್ರೆ’ ಕೇಳಿ ನಾನು ನಕ್ಕಿದ್ದೆ. ಅಂದಿನಿಂದ ಅವರು ನನಗೆ ಕಾಕೂ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ.

ಕಾಕೂಗೆ ಎಡ ಕಿವಿಯ ಕೆಳಗೆ ಒಂದು ಗಂಟು ಬೆಳೆದಿತ್ತು. ಭಯಪಡುವಂಥದ್ದಲ್ಲ, ಆದರೆ ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ತುಟಿಯನ್ನು ಆಡಿಸುವ ನರ ಆ ಗಂಟಿನ ಪಕ್ಕದಲ್ಲೇ ಹೋಗುತ್ತದಂತೆ. ಅದಕ್ಕೆ ಪೆಟ್ಟಾದರೆ ನಗು ಒಂದು ಬದಿಗೆ ವಾಲಬಹುದು, ಸರಿಹೋಗಲು ತಿಂಗಳುಗಟ್ಟಲೆ ಬೇಕಾಗಬಹುದು, ಸರಿಹೋಗದೆಯೂ ಇರಬಹುದು. ಆಪರೇಷನ್ ಮುಂದಿನ ವಾರದ ಗುರುವಾರ. ನನ್ನ ಕೈಯಲ್ಲಿದ್ದದ್ದು ಒಂಬತ್ತು ದಿನ.

ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬಹುದಲ್ಲ ಎಂದು ಕೇಳಿದೆ. ಮಗಳು ನೂರಾರು ತೆಗೆದಿದ್ದಾಳೆ ಎಂದರು.

“ಎಲ್ಲರೂ ತೆಗಿತಾರೆ ಮಾರಾಯ್ರೆ. ನಾನು ತೆಗ್ದದ್ದು ಒಂದು ಬೇಕು.” ಹಾಳೆಗಳನ್ನು ನನ್ನ ಕಡೆ ಸರಿಸಿ ಕೇಳಿದರು. “ಇದು ಲೆನ್ಸಿನ ದೋಷವಾ, ನನ್ನ ಕಣ್ಣಿನ ದೋಷವಾ? ಅಷ್ಟು ಹೇಳಿ ಸಾಕು.”

ಅವರ ಕ್ಯಾಮೆರಾ ರೇಂಜ್‌ಫೈಂಡರ್ ಜಾತಿಯದು. ಅದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಮೇಲಿನ ಒಂದು ಕಿಟಕಿಯಿಂದ ನೋಡುತ್ತೇವೆ. ನೋಟದ ನಡುವೆ ಹೊಳಪಿನ ಒಂದು ಚಿಕ್ಕ ಚೌಕ, ಅದರೊಳಗೆ ಪಕ್ಕದ ಇನ್ನೊಂದು ಕಿಟಕಿಯಿಂದ ಬಂದ ಎರಡನೆಯ ಬಿಂಬ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡು ಬಿಂಬಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಕೂತಿತೋ, ಫೋಕಸ್ ಆಯಿತು. ಇದಕ್ಕಾಗಿ ಲೆನ್ಸಿನ ಹಿಂಭಾಗದ ಒಂದು ಲೋಹದ ಅಂಚು ಕ್ಯಾಮೆರಾದೊಳಗಿನ ಪುಟ್ಟ ಗಾಲಿಯನ್ನು ಒತ್ತುತ್ತಿರುತ್ತದೆ.

ಸಾಮಾನ್ಯ ಲೆನ್ಸಾದರೆ ಇಷ್ಟೇ ಕಥೆ. ಸರ್ ಹತ್ತಿರ ಇದ್ದದ್ದು ಒಂದರಲ್ಲೇ ಮೂರಿರುವ ಲೆನ್ಸ್. ಇಪ್ಪತ್ತೆಂಟು, ಮೂವತ್ತೈದು, ಐವತ್ತು ಮಿಲಿಮೀಟರ್. ಝೂಮ್ ಅಲ್ಲ, ಉಂಗುರ ತಿರುಗಿಸಿದರೆ ಟಕ್, ಟಕ್ ಎಂದು ಮೂರೇ ಜಾಗದಲ್ಲಿ ನಿಲ್ಲುತ್ತದೆ. ಇಪ್ಪತ್ತೆಂಟರಲ್ಲಿ ಇಡೀ ಕೋಣೆ ಹಿಡಿಯುತ್ತದೆ, ಐವತ್ತರಲ್ಲಿ ಮುಖ ಮಾತ್ರ. ಮೂರಕ್ಕೂ ಆ ಗಾಲಿಯನ್ನು ಸರಿಯಾದ ಲೆಕ್ಕದಲ್ಲೇ ಒತ್ತಬೇಕು. ಒಳಗೆ ಬಹಳ ನಾಜೂಕಿನ ಕೆಲಸ. ಬಿಚ್ಚಿದರೆ ಮತ್ತೆ ಕೂಡಿಸುವ ಧೈರ್ಯ ಇಡೀ ಊರಲ್ಲಿ ಹೆಚ್ಚು ಜನಕ್ಕಿಲ್ಲ. ನನಗೂ ಅಷ್ಟಕ್ಕಷ್ಟೇ.

ಐವತ್ತರಲ್ಲಿ ಮಾತ್ರ ಮಸುಕು ಎಂದರೆ ಐವತ್ತರ ಹೊಂದಾಣಿಕೆ ಕೆಟ್ಟಿದೆ ಎಂದು ಆ ಕ್ಷಣದಲ್ಲೇ ತೀರ್ಮಾನ ಮಾಡಿಬಿಟ್ಟೆ. ಅದೇ ನನ್ನ ಮೊದಲ ತಪ್ಪು.

ಮರುದಿನ ಬೆಳಿಗ್ಗೆ ಮೊದಲು ಕ್ಯಾಮೆರಾ ನೋಡಿದೆ. ನನ್ನ ಹತ್ತಿರ ಚೆನ್ನಾಗಿದೆ ಎಂದು ಗೊತ್ತಿರುವ ಐವತ್ತರ ಒಂದು ಒಂಟಿ ಲೆನ್ಸ್ ಇದೆ. ಅದನ್ನು ಹಾಕಿಕೊಂಡು ತಾರಸಿಗೆ ಹೋಗಿ ಗಂಗೆಯ ಆಚೆ ದಡದ ಒಂದು ಚಿಮಣಿಯನ್ನು ನೋಡಿದೆ. ಎರಡು ಬಿಂಬ ಒಂದಾಗಿ ಕೂತವು. ಸರ್ ಲೆನ್ಸ್ ಹಾಕಿ ಮೂರೂ ಜಾಗದಲ್ಲಿ ನೋಡಿದೆ, ಹಾಗೆಯೇ ಕೂತವು. ದೂರದ್ದು ಸರಿ. ಹತ್ತಿರದ್ದಕ್ಕೆ ಕೆಳಗೆ ಬಂದು ಗೋಡೆಗೆ ಅಳತೆಯ ಗೆರೆಗಳಿರುವ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಬಾಗಿಲು ತೆರೆದು, ಫಿಲ್ಮ್ ಇರಬೇಕಾದ ಜಾಗದಲ್ಲಿ ಉಜ್ಜಿದ ಗಾಜಿನ ತುಂಡು ಇಟ್ಟೆ. ಶಟರ್ ತೆರೆದಿಟ್ಟು ಭೂತಗನ್ನಡಿಯಿಂದ ನೋಡಿದರೆ ಫಿಲ್ಮಿನ ಮೇಲೆ ಬೀಳುವ ಚಿತ್ರವೇ ಗಾಜಿನ ಮೇಲೆ ಕಾಣುತ್ತದೆ. ಕಿಟಕಿ ಹೇಳುವುದೂ ಗಾಜು ಹೇಳುವುದೂ ಒಂದೇ ಆಗಿರಬೇಕು.

ಇಪ್ಪತ್ತೆಂಟು, ಮೂವತ್ತೈದರಲ್ಲಿ ಒಂದೇ. ಐವತ್ತರಲ್ಲಿ, ಒಂದೂಕಾಲು ಮೀಟರಿಗೆ, ಎರಡು ಸೆಂಟಿಮೀಟರ್ ವ್ಯತ್ಯಾಸ ಬಂತು.

ಎರಡು ಸೆಂಟಿಮೀಟರ್ ಎಂದರೆ ಏನೂ ಅಲ್ಲ. ಅಷ್ಟು ದೂರದಲ್ಲಿ ಮುಖ ಮೂರ್ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಆದರೂ ಆ ಲೆನ್ಸ್ ಸಹಿಸಿಕೊಳ್ಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ಆದರೆ ದೋಷ ಸಿಗಲೇಬೇಕು ಎಂದು ಹಟ ಹಿಡಿದು ಕೂತವಳಿಗೆ ಎರಡು ಸೆಂಟಿಮೀಟರ್ ಕೂಡ ಕಳ್ಳ ಸಿಕ್ಕ ಹಾಗೆಯೇ ಕಂಡಿತು. ಲೆನ್ಸ್ ಬಿಚ್ಚಲು ಹೆದರಿಕೆ. ಕ್ಯಾಮೆರಾದೊಳಗಿನ ಗಾಲಿಯ ಸ್ಕ್ರೂ ಸುಲಭ. ಅದನ್ನೇ ಕೂದಲಷ್ಟು ತಿರುಗಿಸಿದೆ. ಐವತ್ತು ಸರಿಯಾಯಿತು, ಭಲೇ ಎಂದುಕೊಂಡೆ. ತಾರಸಿಗೆ ಹೋಗಿ ನೋಡಿದರೆ ಆಚೆ ದಡದ ಚಿಮಣಿ ಎರಡಾಗಿತ್ತು.

ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುವ ಕೆಲಸ ಅದು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಸ್ಕ್ರೂಡ್ರೈವರಿಗೂ ಬೈದೆ, ಚಿಮಣಿಗೂ ಬೈದೆ, ಕೊನೆಗೆ ಬೈಗುಳ ಸೇರಬೇಕಾದವಳಿಗೇ ಸೇರಿತು. ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತರಲು ಎರಡು ದಿನ ಹಿಡಿಯಿತು. ತಂದ ಮೇಲೆ ಒಂದು ರೋಲ್ ಫಿಲ್ಮ್ ಹಾಕಿ ಐವತ್ತರಲ್ಲಿ, ಒಂದೂಕಾಲು ಮೀಟರಿನಿಂದ ಆ ಗೋಡೆಯ ಹಾಳೆಯನ್ನೇ ಹನ್ನೆರಡು ಸಲ ತೆಗೆದು ತೊಳೆದು ನೋಡಿದೆ. ಹನ್ನೆರಡರಲ್ಲೂ ಗೆರೆ ಎಣಿಸುವಷ್ಟು ಸ್ಪಷ್ಟ.

ಲೆನ್ಸಿನಲ್ಲಿ ದೋಷವಿಲ್ಲ, ಕ್ಯಾಮೆರಾದಲ್ಲೂ ಇಲ್ಲ. ಶನಿವಾರ ಫೋನ್ ಮಾಡಿ ಹೇಳಿಬಿಟ್ಟೆ.

“ಸರ, ಮಶಿನ್ನಿನಾಗ ಏನೂ ಇಲ್ಲರಿ. ಒಮ್ಮೆ ಕಣ್ಣು ತೋರಿಸಿಕೊಂಡು ಬಂದ್ರ ಛಲೋ.”

“ಹಾಗಾದ್ರೆ ನನ್ನ ಕಣ್ಣೇ” ಎಂದರು. ಕ್ಯಾಮೆರಾ ತಲುಪಿಸಲೇ ಎಂದರೆ, ನಿಮ್ಮ ಹತ್ತಿರವೇ ಇರಲಿ, ಇನ್ನು ಅದರಿಂದ ನನಗೆ ಎಂತ ಕೆಲಸ ಎಂದರು. ಧ್ವನಿ ಏರಿಸಲಿಲ್ಲ, ಬೇಜಾರನ್ನೂ ತೋರಿಸಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಸತ್ಯವನ್ನೇ ಹೇಳಿದ್ದೆ, ಆದರೂ.

ಸೋಮವಾರ ಬೆಳಿಗ್ಗೆ ಕಾಕೂ ಫೋನ್ ಬಂತು. ಸರ್ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದರಂತೆ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇದೆ ಎಂದಿದ್ದರಂತೆ ಡಾಕ್ಟರು. ಸರ್ ಅದನ್ನು ನಂಬಿರಲಿಲ್ಲ, ಮುದುಕರಿಗೆ ಸಮಾಧಾನಕ್ಕೆ ಹಾಗೆ ಹೇಳುತ್ತಾರೆ ಎನ್ನುತ್ತಿದ್ದರು. ಕೆಡದಿರಲೆಂದು ಫ್ರಿಜ್ಜಿನಲ್ಲಿಟ್ಟಿದ್ದ ಫಿಲ್ಮ್ ರೋಲುಗಳನ್ನು ತೆಗೆದು ಯಾರಿಗಾದರೂ ಕೊಡಿ ಎಂದು ಮಗಳ ಕೈಗೆ ಕೊಟ್ಟಿದ್ದರು.

“ನನ್ನ ಆಪರೇಷನ್ನಿಗೆ ಅವರು ಹೆದರಿದ್ದಲ್ಲ ಮಗಾ,” ಎಂದರು ಕಾಕೂ. “ನನ್ನ ಮುಖ ಅವರ ಕೈಯಿಂದ ತಪ್ಪಿ ಹೋಯ್ತು ಅಂತ ಕೂತಿದ್ದಾರೆ. ನೀನು ಒಮ್ಮೆ ಸರಿಯಾಗಿ ನೋಡು.”

ಸರಿಯಾಗಿ ನೋಡು ಎಂದದ್ದು ನನಗೆ ಚುರುಕ್ ಎಂದಿತು. ಆ ಮೂರು ಕಾಂಟ್ಯಾಕ್ಟ್ ಶೀಟುಗಳನ್ನು ಮೊದಲ ದಿನ ಬರೀ ಕಣ್ಣಾಡಿಸಿ ಪಕ್ಕಕ್ಕಿಟ್ಟಿದ್ದೆ. ಈಗ ಭೂತಗನ್ನಡಿ ಇಟ್ಟು ಒಂದೊಂದೇ ನೋಡಿದೆ. ಒಂದರಲ್ಲಿ ಮುಖ ಮಸುಕಾಗಿ ಕಿವಿಯ ಓಲೆ ಸ್ಪಷ್ಟವಾಗಿತ್ತು, ಅಂದರೆ ಫೋಕಸ್ ಹಿಂದಕ್ಕೆ ಹೋಗಿತ್ತು. ಅದರ ಪಕ್ಕದ್ದರಲ್ಲೇ ಮುಖ ಮಸುಕು, ಗಲ್ಲದ ಮುಂದೆ ಎತ್ತಿ ಹಿಡಿದಿದ್ದ ಕೈಯ ಬಳೆ ಸ್ಪಷ್ಟ. ಅಲ್ಲಿ ಫೋಕಸ್ ಮುಂದಕ್ಕೆ ಬಂದಿತ್ತು. ಲೋಹ ಕೆಟ್ಟರೆ ಯಾವಾಗಲೂ ಒಂದೇ ಕಡೆಗೆ ಕೆಡುತ್ತದೆ. ಹೀಗೆ ಮನಸ್ಸು ಬಂದ ಕಡೆ ಹೋಗುವುದಿಲ್ಲ. ಇದನ್ನು ಮೊದಲ ದಿನವೇ ಕಂಡಿದ್ದರೆ ಆ ಸ್ಕ್ರೂ ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಕಣ್ಣು ತೋರಿಸಿಕೊಳ್ಳಬೇಕಾದವಳು ನಾನು.

ನಾನು ಗಿರಾಕಿಗಳ ಮನೆಗೆ ಹೋಗುವುದಿಲ್ಲ. ಯಂತ್ರ ನನ್ನ ಮೇಜಿಗೆ ಬರಬೇಕು, ಯಂತ್ರದ ಜೊತೆ ನನ್ನ ಮಾತು, ಅಷ್ಟೇ. ಆದರೆ ಇಲ್ಲಿ ಯಂತ್ರ ತನ್ನ ಮಾತು ಹೇಳಿ ಮುಗಿಸಿತ್ತು. ಅದನ್ನು ಹಿಡಿಯುವ ಕೈ ಏನು ಮಾಡುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಕ್ಯಾಮೆರಾ, ಒಂದು ರೋಲ್ ಫಿಲ್ಮ್, ದರ್ಜಿಯ ಟೇಪು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದೆ.

ಬಾಗಿಲು ತೆಗೆದ ಸರ್ ನನ್ನ ಚೀಲ ನೋಡಿದ ಕೂಡಲೇ ಮುಖ ತಿರುಗಿಸಿದರು. ಕಾಕೂ ಗೋಳಿಬಜೆ ಮಾಡಿದ್ದರು, ಜೊತೆಗೆ ಮಣ್ಣಿನ ಕುಡಿಕೆಯಲ್ಲಿ ಮಿಷ್ಟಿ ದೋಯಿ ಎನ್ನುವ ಇಲ್ಲಿನ ಸಿಹಿ ಮೊಸರು. ಅದು ಒಳಗೆ ಹೋದ ಮೇಲೆ ನನಗೆ ಧೈರ್ಯ ಬಂತು. ಫೋಟೋ ಬೇಡ ಸರ, ಫಿಲ್ಮ್ ಕೂಡ ಹಾಕಿಲ್ಲ, ಬರೀ ಫೋಕಸ್ ಮಾಡಿ ತೋರಿಸಿ ಎಂದು ಗೋಗರೆದೆ. ಮೊದಲು ಗೋಡೆಯ ಕ್ಯಾಲೆಂಡರ್. ಅವರು ಫೋಕಸ್ ಮಾಡಿದರು, ನಾನು ಟೇಪು ಹಿಡಿದು ಅಳೆದೆ. ಲೆನ್ಸಿನ ಮೇಲಿನ ಅಂಕಿಯೂ ಟೇಪಿನ ಅಂಕಿಯೂ ಒಂದೇ. ಮೂರು ಸಲ ಮಾಡಿಸಿದೆ, ಮೂರು ಸಲವೂ ಒಂದೇ.

ಆಮೇಲೆ ಕಾಕೂವನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ಮುಖದಿಂದ ಕ್ಯಾಮೆರಾಗೆ ಟೇಪಿನಲ್ಲಿ ಒಂದೂಕಾಲು ಮೀಟರ್. ಸರ್ ಫೋಕಸ್ ಮಾಡಿದರು. ಲೆನ್ಸಿನ ಅಂಕಿ ಒಂದು ಮೀಟರ್ ಮೂವತ್ತೈದು ಎಂದಿತು. ಉಂಗುರ ಜರುಗಿಸಿ ಮತ್ತೆ ಮಾಡಿಸಿದೆ. ಒಂದು ಹದಿನೈದು. ಮತ್ತೊಮ್ಮೆ, ಒಂದು ಮೂವತ್ತು.

ಕ್ಯಾಲೆಂಡರನ್ನು ತಪ್ಪದೆ ಹಿಡಿದ ಕಣ್ಣು ಹೆಂಡತಿಯ ಮುಖ ಬಂದ ಕೂಡಲೇ ತಪ್ಪುತ್ತಿತ್ತು. ಕಣ್ಣಿನ ದೋಷವಲ್ಲ ಎಂದು ಆಗಲೇ ಖಾತ್ರಿಯಾಯಿತು.

“ಸರ, ಆ ಚೌಕದೊಳಗ ಏನ ಇಟಗೊಂಡು ಕೂಡಸ್ತೀರಿ? ಮುಖದಾಗ ಯಾವ ಜಾಗಾ?”

ಎಪ್ಪತ್ತು ದಾಟಿದ ಮನುಷ್ಯ ನಾಚಿಕೊಂಡರು. ಹೆಂಡತಿಯ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ, “ಮೂಗುಬೊಟ್ಟು” ಎಂದರು.

ಕಾಕೂದು ಏಳು ಕಲ್ಲಿನ ವಜ್ರದ ಮೂಗುಬೊಟ್ಟು, ಮದುವೆಯದು. ಕ್ಯಾಮೆರಾ ಇಸಿದುಕೊಂಡು ನಾನೇ ನೋಡಿದೆ. ಕಿಟಕಿಯ ಬೆಳಕಿಗೆ ಅದು ಕಿಡಿ ಹಾರಿಸುತ್ತಿತ್ತು. ಇಡೀ ಮುಖದಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ಉಂಗುರ ತಿರುಗಿಸಿದೆ, ಹೊಳಪಿನ ಮೇಲೆ ಹೊಳಪು ಬಂದು ಕೂತಿತು. ಲೆನ್ಸಿನ ಅಂಕಿ ನೋಡಿದರೆ ಒಂದು ಮೀಟರ್ ಮೂವತ್ತು. ನಾನೂ ತಪ್ಪಿದ್ದೆ.

ತಪ್ಪಿದ್ದು ಹೀಗೆ. ಕ್ಯಾಮೆರಾದ ಎರಡು ಕಿಟಕಿಗಳ ನಡುವೆ ನಾಲ್ಕು ಬೆರಳಿನ ಅಂತರವಿದೆ. ವಜ್ರದ ಹೊಳಪು ಮೈಗೆ ಅಂಟಿಕೊಂಡಿರುವ ಗುರುತಲ್ಲ. ನೋಡುವವರು ನಿಂತ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಈ ಕಿಟಕಿಗೆ ಏಳರಲ್ಲಿ ಒಂದು ಕಲ್ಲು ಹೊಳೆದರೆ ಆ ಕಿಟಕಿಗೆ ಅದರ ಪಕ್ಕದ ಕಲ್ಲು ಹೊಳೆಯುತ್ತದೆ. ನಾವು ಎರಡನ್ನೂ ಒಂದೇ ಎಂದು ನಂಬಿ ಕೂಡಿಸುತ್ತೇವೆ. ಕಲ್ಲಿಂದ ಕಲ್ಲಿಗೆ ನಾಲ್ಕು ಮಿಲಿಮೀಟರ್ ತಪ್ಪಿದರೆ ದೂರದಲ್ಲಿ ಏಳೆಂಟು ಸೆಂಟಿಮೀಟರ್ ತಪ್ಪುತ್ತದೆ. ಆಕೆ ತಲೆ ಒಂದಿಷ್ಟು ತಿರುಗಿಸಿದರೆ ಬೇರೆ ಕಲ್ಲು, ಬೇರೆ ತಪ್ಪು. ಇಪ್ಪತ್ತೆಂಟು, ಮೂವತ್ತೈದರಲ್ಲಿ ದೂರ ನಿಂತು ತೆಗೆದಾಗ ಈ ತಪ್ಪು ಮುಚ್ಚಿಹೋಗುತ್ತಿತ್ತು. ಐವತ್ತು ಮುಚ್ಚುವ ಪೈಕಿ ಅಲ್ಲ.

ಆದರೆ ಮೂಗುಬೊಟ್ಟು ಮದುವೆಯಿಂದಲೂ ಇದೆ, ಈ ಲೆನ್ಸ್ ಬಂದೂ ಹದಿನೈದು ವರ್ಷವಾಯಿತು, ಇಷ್ಟು ದಿನ ಹೇಗೆ ಸರಿ ಬಂತು? ಕೇಳುತ್ತಿರುವಾಗಲೇ ಗೋಡೆಯ ಮೇಲಿನ ಫೋಟೋಗಳು ಕಣ್ಣಿಗೆ ಬಿದ್ದವು. ಎಲ್ಲದರಲ್ಲೂ ಕಾಕೂಗೆ ಕಪ್ಪು ಅಂಚಿನ ಕನ್ನಡಕ.

“ಈ ಚಳಿಗಾಲದಲ್ಲಿ ನನಗೆ ಪೊರೆ ತೆಗ್ದರಲ್ಲ,” ಎಂದರು ಕಾಕೂ. “ಮತ್ತೆ ಕನ್ನಡಕ ಹಾಕ್ಲೇ ಇಲ್ಲ.”

ಸರ್ ಹಣೆ ಹಿಡಿದುಕೊಂಡು ಕೂತರು. ವರ್ಷಗಟ್ಟಲೆ ಅವರು ಕೂಡಿಸುತ್ತಿದ್ದದ್ದು ಆ ಕನ್ನಡಕದ ಕಪ್ಪು ಅಂಚನ್ನು. ಅದು ಹೋದದ್ದೇ ತಡ, ಕೈ ತಾನಾಗಿ ಮೂಗುಬೊಟ್ಟಿಗೆ ಹೋಗಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಕಾಕೂ ಕಣ್ಣು ಸರಿಹೋದದ್ದೇ ಇಷ್ಟಕ್ಕೆಲ್ಲ ಕಾರಣ.

ಹಳೆಯ ಕನ್ನಡಕ ತಂದು ಹಾಕಿಕೊಳ್ಳಲೇ ಎಂದು ಕಾಕೂ ಎದ್ದರು. ಸರ್ ಬೇಡ ಎಂದರು, ಈಗಿನ ಮುಖವೇ ಬೇಕಂತೆ. ಮೂಗುಬೊಟ್ಟು ತೆಗೆಯಲೇ, ಗುರುವಾರ ಹೇಗೂ ತೆಗೆಯಬೇಕಲ್ಲ ಎಂದರು ಕಾಕೂ. ಅದೂ ಬೇಡವಂತೆ. ಹಣೆಯ ಕುಂಕುಮ ಆಗುತ್ತದೆಯೇ ಎಂದು ನಾನು ನೋಡಿದೆ, ಅದು ಅಂಚೇ ಇಲ್ಲದೆ ಹಣೆಯಲ್ಲಿ ಹರಡಿಕೊಂಡಿತ್ತು. ಉಳಿದದ್ದು ಕಣ್ಣು. ಬಿಳಿಯ ಮೇಲೆ ಕಪ್ಪು ಗುಡ್ಡೆಯ ಅಂಚು ಎಲ್ಲಿಂದ ನೋಡಿದರೂ ಅಲ್ಲೇ ಇರುತ್ತದೆ, ಅದನ್ನು ಕೂಡಿಸಿ ಎಂದೆ. ಫಿಲ್ಮ್ ಹಾಕಿ ಕೊಟ್ಟೆ.

ಹೇಳುವುದು ಸುಲಭ. ಕಣ್ಣಿನ ಅಂಚು ಹಿಡಿಯಬೇಕಾದರೆ ಕಣ್ಣನ್ನೇ ನೋಡುತ್ತ ನಿಲ್ಲಬೇಕು. ಹೊಳಪನ್ನು ಕೂಡಿಸಿದಷ್ಟು ಬೇಗ ಅದು ಆಗುವುದಿಲ್ಲ. ಅರ್ಧ ನಿಮಿಷ ಆಯಿತು, ಸರ್ ಉಂಗುರ ಹಿಂದೆ ಮುಂದೆ ಮಾಡುತ್ತಲೇ ಇದ್ದರು. ಕಾಕೂ ತುಟಿ ಬಿಗಿಹಿಡಿದು ಕೂತವರು ತಡೆಯಲಾರದೆ, “ಎಷ್ಟು ಹೊತ್ತು ನೋಡುದು? ಹುಡುಗಿ ನೋಡ್ಲಿಕ್ಕೆ ಬಂದಾಗ್ಲೂ ಇಷ್ಟು ನೋಡ್ಲಿಲ್ಲ ನೀವು” ಎಂದುಬಿಟ್ಟರು. ಆ ನಗುವಿನಲ್ಲೇ ಸರ್ ಒತ್ತಿದರು. ಲೆನ್ಸಿನ ಅಂಕಿ ನಾನು ಕದ್ದು ನೋಡಿದೆ. ಒಂದೂಕಾಲು.

ಬುಧವಾರ ಪ್ರಿಂಟ್ ತಲುಪಿಸಿದೆ. ಬಾಯಿ ತುಂಬ ನಗು, ಎರಡೂ ಕಡೆ ಸಮ. ಸರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಹೋದರು.

ಗುರುವಾರದ ಆಪರೇಷನ್ ಸುಸೂತ್ರವಾಗಿ ಆಯಿತು. ಗಂಟು ಹೋಯಿತು. ಆದರೆ ಡಾಕ್ಟರು ಹೆದರಿದ್ದದ್ದು ಸ್ವಲ್ಪ ಆಗಿಯೇ ಬಿಟ್ಟಿತು. ನಕ್ಕರೆ ಕೆಳತುಟಿ ಬಲಕ್ಕೆ ಮಾತ್ರ ಹೋಗುತ್ತಿತ್ತು, ಎಡಗಡೆ ಸುಮ್ಮನಿರುತ್ತಿತ್ತು. ಕಾಯಬೇಕು ಎಂದಿದ್ದರು.

ಇಪ್ಪತ್ತು ದಿನ ಕಳೆದ ಮೇಲೆ ಕಾಕೂ ಫೋನ್ ಮಾಡಿದರು. ಮಾತು ಕೊಂಚ ತೊದಲುತ್ತಿತ್ತು. ಸರ್ ಬಂದು ಹೋಗುವವರ ಮುಂದೆ ಚೆನ್ನಾಗಿರುತ್ತಾರೆ, ಔಷಧಿ ಗಂಟೆ ತಪ್ಪಿಸುವುದಿಲ್ಲ. ಆದರೆ ತನ್ನ ಮುಖ ನೋಡಿದ ಕೂಡಲೇ ಬಾಡಿಹೋಗುತ್ತಾರೆ, ಕ್ಯಾಮೆರಾ ಅಂತೂ ಕಪಾಟಿನಿಂದ ಹೊರಗೇ ಬಂದಿಲ್ಲ ಎಂದರು.

“ನೀನೊಂದು ಸುಳ್ಳು ಹೇಳ್ಬೇಕು ಮಗಾ. ಫೋಟೋ ತೆಗೀರಿ ಅಂದ್ರೆ ತೆಗುದಿಲ್ಲ ಅವರು. ಮಿಶಿನ್ ಟೆಸ್ಟ್ ಅಂದ್ರೆ ತೆಗಿತಾರೆ.”

ಸುಳ್ಳು ಹೇಳುವುದರಲ್ಲಿ ನಾನು ದಡ್ಡಿ. ಅದೃಷ್ಟಕ್ಕೆ ಅರ್ಧ ನಿಜವೇ ಕೈಯಲ್ಲಿತ್ತು. ಸರ್‌ಗೆ ಫೋನ್ ಮಾಡಿ, ಅವತ್ತು ಒಳಗಿನ ಒಂದು ಸ್ಕ್ರೂ ಮುಟ್ಟಿದ್ದೆ, ಅದು ಜರುಗಿದೆಯೋ ಇಲ್ಲವೋ ಖಾತ್ರಿಯಾಗಬೇಕು, ಐವತ್ತರಲ್ಲಿ ಒಂದೂಕಾಲು ಮೀಟರಿಗೆ ಒಂದು ರೋಲ್ ಬೇಕು, ಗೋಡೆ ಕ್ಯಾಲೆಂಡರ್ ನಡೆಯುವುದಿಲ್ಲ, ಮುಖವೇ ಆಗಬೇಕು, ಕಣ್ಣಿಗೇ ಫೋಕಸ್ ಮಾಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸ್ಕ್ರೂ ಮುಟ್ಟಿದ್ದನ್ನು ಇಷ್ಟು ದಿನ ಹೇಳಲಿಲ್ಲ ಯಾಕೆ ಎಂದು ಮ್ಯಾನೇಜರಿನ ಧ್ವನಿಯಲ್ಲೇ ಗದರಿದರು. ಬೈಸಿಕೊಂಡು, ನನ್ನ ಹತ್ತಿರದ ಒಂದು ರೋಲ್ ಕಳಿಸಿಕೊಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ರೋಲ್ ಹಿಡಿದುಕೊಂಡು ಅವರೇ ದಕ್ಷಿಣೇಶ್ವರಕ್ಕೆ ಬಂದರು. ಅವರನ್ನು ಕೂರಿಸಿ, ಚಹಾ ಕೊಟ್ಟು, ನಾನು ಫಿಲ್ಮ್ ತೊಳೆದೆ, ಒಣಗಿಸಿದೆ, ಕಾಂಟ್ಯಾಕ್ಟ್ ಶೀಟ್ ಮಾಡಿದೆ. ಎರಡು ಗಂಟೆಯ ಮೇಲಾಯಿತು. ಇನ್ನೂ ಹಸಿಯಾಗಿದ್ದ ಹಾಳೆಯನ್ನೇ ಗಾಜಿನ ಮೇಲೆ ಹಾಸಿ ಭೂತಗನ್ನಡಿ ಕೈಗೆ ಕೊಟ್ಟೆ.

ಮೊದಲನೆಯದರಿಂದ ಶುರುಮಾಡಿ ಒಂದೊಂದೇ ನೋಡಿದರು. ಫೋಕಸ್ ಎಲ್ಲದರಲ್ಲೂ ಸರಿ ಉಂಟು ಎಂದರು. ನಾನು ಹೂಂ ಎಂದೆ. ಎರಡನೆಯ ಸಾಲಿಗೆ ಬಂದವರು ಒಂದು ಚಿತ್ರದ ಮೇಲೆ ಭೂತಗನ್ನಡಿ ಇಟ್ಟು ಅಲ್ಲೇ ನಿಂತುಬಿಟ್ಟರು. ತಲೆ ಎತ್ತಲೇ ಇಲ್ಲ. ನಾನು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ. ತುಟಿ ವಾಲಿತ್ತು, ನಿಜ. ಕಣ್ಣು ಮಾತ್ರ ರೆಪ್ಪೆಯ ಒಂದೊಂದು ಕೂದಲೂ ಕಾಣುವಷ್ಟು ಸ್ಪಷ್ಟವಾಗಿತ್ತು, ಎರಡೂ ಬದಿಯ ಸುಕ್ಕುಗಳೊಡನೆ ಪೂರ್ತಿ ನಗುತ್ತಿತ್ತು.

“ಇಷ್ಟು ದಿವಸ ನಾನು ಇವಳ ಬಾಯಿಯನ್ನೇ ನೋಡ್ತಾ ಇದ್ದೆ ಮಾರಾಯ್ರೆ,” ಎಂದರು. “ಇವಳು ನಗ್ತಾ ಇದ್ದಾಳೆ.”

ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಕಾಕೂಗೆ ಫೋನ್ ಮಾಡಿದರು. ಮಗಳ ಹತ್ತಿರ ಕೊಟ್ಟ ಫಿಲ್ಮೆಲ್ಲ ವಾಪಸ್ ತೆಗೆದಿಡು, ನಾಳೆ ಬೆಳಿಗ್ಗೆ ಬೆಳಕು ಇರುವಾಗ ಕಿಟಕಿಯ ಹತ್ತಿರ ಕೂತ್ಕೋ ಎಂದರು.